ಮನೆಯಲ್ಲೇ ಕಾರಿಗೆ ಹೆಡರ್ ಹಾಕುವುದು ಹೇಗೆ?

ಎಂಜಿನ್‌ನಿಂದ ಹೊಗೆ ಹೊರಗೆ ಬರುವ ಜಾಗದಲ್ಲಿ ಹಳೇ ಕಾರುಗಳಿಗೆ ಸಾಮಾನ್ಯವಾಗಿ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಇರುತ್ತದೆ. ಗಟ್ಟಿ ಸಾಮಾನು, ವರ್ಷಗಟ್ಟಲೆ ಬಾಳುತ್ತದೆ. ಆದರೆ ನಾಲ್ಕೂ ಸಿಲಿಂಡರಿನ ಹೊಗೆ ಅದರೊಳಗೆ ಇಕ್ಕಟ್ಟಿನಲ್ಲಿ ಸೇರುತ್ತದೆ. ಅದರ ಬದಲಿಗೆ ಹಾಕುವ ಹೆಡರ್‌ನಲ್ಲಿ ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಸ್ಟೀಲ್ ಪೈಪು, ಹೊಗೆಗೆ ದಾರಿ ಸಲೀಸು. ತುಮಕೂರಿನಲ್ಲಿ ಹಳೇ ಮಾರುತಿ ಎಸ್ಟೀಮ್, ಝೆನ್‌ಗಳನ್ನು ಇನ್ನೂ ಪ್ರೀತಿಯಿಂದ ಇಟ್ಟುಕೊಂಡವರಿಗೆ ಇದು ಮನೆ ಅಂಗಳದಲ್ಲೇ ಮಾಡಬಹುದಾದ ಕೆಲಸ. ಕಷ್ಟ ಇರುವುದು ಹೊಸದನ್ನು ಕೂರಿಸುವುದರಲ್ಲಿ ಅಲ್ಲ, ಹಳೆಯದನ್ನು ಬಿಚ್ಚುವುದರಲ್ಲಿ.

ಮೊದಲು ಕಾನೂನು

ಬಿಎಸ್6 (ಹೊಸ ಹೊಗೆ ನಿಯಮದ) ಕಾರುಗಳಲ್ಲಿ ಹೆಚ್ಚಾಗಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮ್ಯಾನಿಫೋಲ್ಡ್‌ಗೇ ಅಂಟಿಕೊಂಡಿರುತ್ತದೆ. ಹೆಡರ್ ಹಾಕಿದರೆ ಅದೂ ಹೋಯಿತು. ಅಂಥ ಕಾರಿಗೆ ಕೈ ಹಾಕಲೇಬೇಡಿ. ಕನ್ವರ್ಟರ್ ಕೆಳಗೆ ಬೇರೆಯಾಗಿ ಕೂತಿದ್ದರೆ ಮಾತ್ರ ಮುಂದಿನ ಮಾತು. ಅದನ್ನೂ ಸೈಲೆನ್ಸರ್ ಡಬ್ಬವನ್ನೂ ಮುಟ್ಟಬಾರದು. ಹೊಗೆ, ಸದ್ದಿನ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2) ಸೆಕ್ಷನ್ ಪ್ರಕಾರ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಬೀಳಬಹುದು, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಮಾರ್ಪಾಡಿನ ಬಗ್ಗೆ 52ನೇ ಸೆಕ್ಷನ್ ಬೇರೆ ಇದೆ. ದುಡ್ಡು ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸ್‌ನವರ ಹತ್ತಿರವೂ ಕೇಳಿಕೊಳ್ಳಿ.

ಯಾವ ಹೆಡರ್?

4-2-1 ಅಂದರೆ ನಾಲ್ಕು ಪೈಪು ಎರಡಾಗಿ, ಆಮೇಲೆ ಒಂದಾಗುವುದು. ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2 ಇದ್ದರೆ 1ಕ್ಕೆ 4, 2ಕ್ಕೆ 3 ಜೋಡಿ. ಹೀಗಾಗಿ ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಮಧ್ಯದ ಆರ್‌ಪಿಎಂನಲ್ಲಿ ಎಳೆತ ಚೆನ್ನಾಗಿರುತ್ತದೆ, ದೇವರಾಯನದುರ್ಗದ ಏರಿನಲ್ಲಿ ಬೇಕಾಗುವುದು ಅದೇ ಅಲ್ವಾ? 4-1 ಹೆಡರ್ ಜಾಸ್ತಿ ಆರ್‌ಪಿಎಂಗೆ, ರೇಸಿನವರಿಗೆ ಸರಿ. ಹೆಡರ್ ಒಂದರಿಂದಲೇ ಪವರ್ ಭಾರೀ ಏರುತ್ತದೆ ಅನ್ನುವ ಅಂಗಡಿಯವರ ಮಾತು ನಂಬಬೇಡಿ.

ಕೊಳ್ಳುವಾಗ ಫ್ಲ್ಯಾಂಜ್, ಅಂದರೆ ಎಂಜಿನ್ನಿಗೆ ಕೂರುವ ಚಪ್ಪಟೆ ಪಟ್ಟಿ, ನೋಡಿ. ವೆಲ್ಡಿಂಗ್ ಬಿಸಿಗೆ ಅದು ಸೊಟ್ಟಗಾಗುತ್ತದೆ. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ಸಂದಿ ಎದ್ದು ಕಂಡರೆ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಸರ್ಫೇಸ್ ಗ್ರೈಂಡಿಂಗ್ ಮಾಡುವವರನ್ನು ವಿಚಾರಿಸಿ, ಸಮ ಮಾಡಿಸಿಕೊಂಡು ಬನ್ನಿ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕೂರಲು ತೂತು ಇದೆಯೇ ಅಂತಲೂ ನೋಡಿ.

ಬಿಚ್ಚುವುದು

ಹಿಂದಿನ ರಾತ್ರಿಯೇ, ಎಂಜಿನ್ ತಣ್ಣಗಿರುವಾಗ, ಎಲ್ಲ ನಟ್‌ಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ಬೆಳಿಗ್ಗೆ ಇನ್ನೊಂದು ಸಲ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕಾರನ್ನು ಗಟ್ಟಿ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ, ಇಲ್ಲವೇ ಸಿಮೆಂಟ್ ಬ್ಲಾಕ್ ಇಟ್ಟು ಕಾರಿನಡಿ ಹೋಗಬಾರದು. ಬ್ಲಾಕ್ ಒಮ್ಮೆಲೇ ಪುಡಿಯಾಗುತ್ತದೆ.

ಸೆನ್ಸರ್ ಬಿಚ್ಚಲು ಸಾಮಾನ್ಯವಾಗಿ 22 ಎಂಎಂ ಸೀಳು ಸಾಕೆಟ್ ಬೇಕು. ಅದರ ವೈರ್ ಜಗ್ಗಬೇಡಿ. ಆಮೇಲೆ ಹೀಟ್ ಶೀಲ್ಡ್, ಕೆಳಗಿನ ಪೈಪಿನ ಜಾಯಿಂಟ್, ಕೊನೆಗೆ ಮ್ಯಾನಿಫೋಲ್ಡ್ ನಟ್‌ಗಳು.

ಇಲ್ಲಿ ಅವಸರ ಬೇಡ. ಆರು ಮೂಲೆಯ ಸಾಕೆಟ್ ಬಳಸಿ. ಹನ್ನೆರಡು ಮೂಲೆಯದು ತುಕ್ಕು ಹಿಡಿದ ನಟ್ಟಿನ ಅಂಚು ಸವೆಸಿಬಿಡುತ್ತದೆ. ನಟ್ ಸ್ವಲ್ಪ ತಿರುಗಿ ಬಿಗಿಯಾದರೆ ಬಲ ಹಾಕಬೇಡಿ. ಕಾಲು ಸುತ್ತು ವಾಪಸ್ ಬಿಗಿ ಮಾಡಿ, ಎಣ್ಣೆ ಹಾಕಿ, ಮತ್ತೆ ಬಿಚ್ಚಿ. ಹೀಗೆ ಹಿಂದೆ ಮುಂದೆ ಆಡಿಸುತ್ತಾ ತೆಗೆದರೆ ಸ್ಟಡ್ (ನಟ್ ಕೂರುವ ಥ್ರೆಡ್ ಕಡ್ಡಿ) ಉಳಿಯುತ್ತದೆ. ಮುರಿದರೆ? ಸ್ಟಡ್ ತುದಿ ಹೊರಗಿದ್ದರೆ ಅದಕ್ಕೊಂದು ನಟ್ ವೆಲ್ಡ್ ಮಾಡಿಸಿ ತಿರುಗಿಸಬಹುದು. ಒಳಗೇ ತುಂಡಾಗಿದ್ದರೆ ನೀವೇ ಡ್ರಿಲ್ ಹಿಡಿಯಬೇಡಿ. ಸ್ಟಡ್ ಕೂತಿರುವ ಎಂಜಿನ್ ಹೆಡ್ ಅಲ್ಯೂಮಿನಿಯಮ್ಮಿನದು, ಡ್ರಿಲ್ ಜಾರಿದರೆ ಥ್ರೆಡ್ ಹಾಳು. ಲೇತ್ ಕೆಲಸದವರನ್ನು ಕರೆಸಿ.

ಕೂರಿಸುವುದು

ಎಂಜಿನ್ನಿನ ಹೊಗೆ ತೂತುಗಳಿಗೆ (ಪೋರ್ಟ್) ಬಟ್ಟೆ ತುರುಕಿ, ಸಂದಿಯಲ್ಲಿ ಹೊಗೆ ಸೋರದ ಹಾಗೆ ಇಟ್ಟಿದ್ದ ಹಳೇ ಗ್ಯಾಸ್ಕೆಟ್ಟಿನ ಚೂರನ್ನು ಗೀರು ಬೀಳದ ಹಾಗೆ ಕೆರೆದು ತೆಗೆಯಿರಿ. ಬಟ್ಟೆ ಹೊರಗೆ ತೆಗೆಯುವುದು ಮರೆಯಬೇಡಿ. ಗ್ಯಾಸ್ಕೆಟ್ ಹೊಸದೇ ಬೇಕು. ಎಲ್ಲ ನಟ್‌ಗಳನ್ನೂ ಮೊದಲು ಕೈಯಲ್ಲೇ ತಿರುಗಿಸಿ, ಕೆಳಗಿನ ಜಾಯಿಂಟನ್ನೂ ಸಡಿಲವಾಗಿ ಸೇರಿಸಿ. ಆಮೇಲೆ ನಡುವಿನಿಂದ ಎರಡೂ ತುದಿಗೆ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. 8 ಎಂಎಂ ಸ್ಟಡ್‌ಗೆ ಸುಮಾರು 20ರಿಂದ 25 ನ್ಯೂಟನ್ ಮೀಟರ್ ಸಾಕು. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ. ವೈರು, ರಬ್ಬರ್ ಪೈಪು ಯಾವುದೂ ಹೆಡರ್‌ಗೆ ತಾಗಬಾರದು, ಕರಗಿಹೋಗುತ್ತವೆ.

ಸ್ಟಾರ್ಟ್ ಮಾಡಿದ ಮೇಲೆ

ಬ್ಯಾಟರಿ ಜೋಡಿಸಿ ಬಯಲಿನಲ್ಲೇ ಸ್ಟಾರ್ಟ್ ಮಾಡಿ, ಮುಚ್ಚಿದ ಶೆಡ್‌ನಲ್ಲಿ ಬೇಡವೇ ಬೇಡ. ಪೈಪಿಗೆ ಅಂಟಿದ ಎಣ್ಣೆ ಸುಟ್ಟು ಸ್ವಲ್ಪ ಹೊತ್ತು ಹೊಗೆ ಬರುತ್ತದೆ, ಗಾಬರಿ ಬೇಡ. ಆದರೆ ಟಿಕ್ ಟಿಕ್ ಸದ್ದು ಬಂದರೆ ಎಲ್ಲೋ ಲೀಕ್ ಇದೆ. ಎಂಜಿನ್ ತಣ್ಣಗಾದ ಮೇಲೆ ಜಾಯಿಂಟುಗಳಿಗೆ ಸೋಪಿನ ನೀರು ಬಳಿದು ಸ್ಟಾರ್ಟ್ ಮಾಡಿದರೆ ಗುಳ್ಳೆ ಏಳುವ ಜಾಗ ಸಿಗುತ್ತದೆ. ಲೀಕ್ ಸುಮ್ನೆ ಬಿಡುವಂಥದ್ದಲ್ಲ. ಅಲ್ಲಿಂದ ಗಾಳಿ ಒಳಗೆ ನುಗ್ಗಿದರೆ ಪೆಟ್ರೋಲ್ ಕಡಿಮೆಯಾಯಿತು ಅಂತ ಸೆನ್ಸರ್ ತಪ್ಪಾಗಿ ಹೇಳುತ್ತದೆ. ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಜಾಸ್ತಿ ಪೆಟ್ರೋಲ್ ಬಿಡುತ್ತದೆ, ಮೈಲೇಜ್ ಬೀಳುತ್ತದೆ.

ಕ್ಯಾತ್ಸಂದ್ರದವರೆಗೆ ನಿಧಾನವಾಗಿ ಒಂದು ಸುತ್ತು ಹೋಗಿ ಬನ್ನಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಎಲ್ಲ ನಟ್‌ಗಳನ್ನೂ ಟಾರ್ಕ್ ರೆಂಚ್‌ನಿಂದ ಮತ್ತೆ ನೋಡಿ. ಬಿಸಿಯಾಗಿ ತಣ್ಣಗಾದಾಗ ಒಂದೆರಡು ಸಡಿಲವಾಗಿರುವುದು ಸಹಜ. ಅದಾದ ಮೇಲೆ ಹೊಗೆ ತಪಾಸಣೆ ಕೇಂದ್ರಕ್ಕೆ ಹೋಗಿ ಹೊಸದಾಗಿ ಅಳತೆ ಮಾಡಿಸಿ, ಸರ್ಟಿಫಿಕೇಟ್ ಗಾಡಿಯಲ್ಲೇ ಇಡಿ.