ಮಾಸ್ತರರ ಹಾರ್ಡ್ ಡಿಸ್ಕಿನಿಂದ ಹಂತಿಪದಗಳನ್ನು ಹೊರತೆಗೆದ ಬಗೆ

ಗದಗಿನಲ್ಲಿ ನಾನು ನಡೆಸುವ ಡಿಟಿಪಿ ಅಂಗಡಿಗೆ ಕಳೆದ ಬೇಸಿಗೆಯಲ್ಲಿ ನಿವೃತ್ತ ಮಾಸ್ತರರೊಬ್ಬರು ಟವೆಲ್ಲಿನಲ್ಲಿ ಸುತ್ತಿದ 500 ಜಿಬಿಯ ಹಾರ್ಡ್ ಡಿಸ್ಕೊಂದನ್ನು ತಂದರು. ರೋಣ, ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ 14 ವರ್ಷ ತಿರುಗಾಡಿ ಅವರು ಬರೆದುಕೊಂಡಿದ್ದ ಹಂತಿಪದ (ಕಣದಲ್ಲಿ ರಾಶಿ ಮಾಡುವಾಗ ಹಾಡುವ ಪದ), ಬೀಸುವ ಪದ, ಡೊಳ್ಳಿನ ಪದಗಳೆಲ್ಲ ಅದರಲ್ಲಿದ್ದವು. ಬೇರೆ ಪ್ರತಿ ಇರಲಿಲ್ಲ. ಕಂಪ್ಯೂಟರಿಗೆ ಜೋಡಿಸಿದಾಗಲೆಲ್ಲ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆ ಬರುತ್ತಿತ್ತು. "ಹಾಡಿದವ್ರು ಭಾಳ ಮಂದಿ ಈಗ ಇಲ್ಲ ತಮ್ಮಾ, ಮತ್ತ ಹೋಗಿ ಯಾರನ್ನ ಕೇಳ್ಲಿ?" ಎಂದರು.

ಪರಿಚಿತರೊಬ್ಬರು ಅದಾಗಲೇ ಅದರ ಮೇಲೆ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಲು ಹೋಗಿ ಅರ್ಧಕ್ಕೆ ನಿಲ್ಲಿಸಿದ್ದರೆಂದು ತಿಳಿದಾಗ ನನಗೆ ನಿಜವಾಗಿ ಆತಂಕವಾಯಿತು. ಚೆಕ್‌ಡಿಸ್ಕ್ ಕಡತಗಳ ಪಟ್ಟಿಯನ್ನು ಸರಿಪಡಿಸಲು ಅದೇ ಡಿಸ್ಕಿನ ಮೇಲೆ ಬರೆಯುತ್ತದೆ. ಆರೋಗ್ಯವಂತ ಡಿಸ್ಕಿಗೆ ಅದು ಒಳ್ಳೆಯ ಉಪಕರಣವೇ ಆದರೂ, ಮೇಲ್ಮೈ ಸವೆಯುತ್ತಿರುವ ಡಿಸ್ಕಿನಲ್ಲಿ ಅದು ಉಳಿದದ್ದನ್ನೂ ಅಳಿಸಿಬಿಡಬಹುದು. ಆದ್ದರಿಂದ ಮೂಲ ಡಿಸ್ಕಿನ ಮೇಲೆ ಒಂದು ಅಕ್ಷರವನ್ನೂ ಬರೆಯಬಾರದು, ಮೊದಲು ಅದರ ಪೂರ್ಣ ನಕಲನ್ನು ಇಳಿಸಿಕೊಂಡು ಉಳಿದ ಕೆಲಸವನ್ನೆಲ್ಲ ನಕಲಿನ ಮೇಲೆಯೇ ಮಾಡಬೇಕು ಎಂದು ಆಗಲೇ ನಿರ್ಧರಿಸಿದೆ.

ವಿದ್ಯುತ್ ಕೊಟ್ಟು ಒಂದು ನಿಮಿಷ ಕಿವಿಗೊಟ್ಟು ಕೇಳಿದೆ. ಟಿಕ್ ಟಿಕ್ ಎಂಬ ಸದ್ದು ಬಂದಿದ್ದರೆ ಅಲ್ಲಿಗೇ ಬಂದ್ ಮಾಡಿ, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚುವ ಪ್ರಯೋಗಾಲಯಕ್ಕೆ ಕಳಿಸಿಬಿಡುತ್ತಿದ್ದೆ. ಓದುವ ಹೆಡ್ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆಯಾದ್ದರಿಂದ ಹೆಡ್ ಕೆಟ್ಟ ಡಿಸ್ಕನ್ನು ಓಡಿಸಿದಷ್ಟೂ ತಟ್ಟೆ ಗೀಚಿಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ ಎಂದು ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ತಣ್ಣಗಾದ ತಟ್ಟೆಯ ಮೇಲೆ ತೇವ ಕೂರುವುದರಿಂದ ದಯವಿಟ್ಟು ಯಾರೂ ಹಾಗೆ ಮಾಡಬಾರದು. ನಮ್ಮ ಡಿಸ್ಕು ಅದೃಷ್ಟಕ್ಕೆ ಸದ್ದಿಲ್ಲದೆ ತಿರುಗುತ್ತಿತ್ತು. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿಯ 197ನೆಯ ಅಂಶ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ (ತಟ್ಟೆಯ ಚಿಕ್ಕ ಚಿಕ್ಕ ತುಣುಕುಗಳ) ಎಣಿಕೆ, 312 ತೋರಿಸಿತು. ಹೆಡ್ ಸರಿಯಿದೆ, ತಟ್ಟೆಯಲ್ಲಿ ಕಲೆಗಳಿವೆ ಎಂದು ಇದರಿಂದ ಊಹಿಸಿದೆ.

ಹೊರಗಿನ ಡಬ್ಬಿ ಬಿಚ್ಚಿದಾಗ ಒಳಗೆ ಕಂಪ್ಯೂಟರುಗಳಲ್ಲಿ ಬಳಸುವಂಥ ಸಾಮಾನ್ಯ ಸಾಟಾ ಡಿಸ್ಕೇ ಇತ್ತು. ಯುಎಸ್‌ಬಿ ಸಂಪರ್ಕವು ದೋಷ ಬಂದಾಗಲೆಲ್ಲ ಕಡಿದುಹೋಗುತ್ತಿದ್ದುದರಿಂದ ಡಿಸ್ಕನ್ನು ನೇರವಾಗಿ ಮದರ್‌ಬೋರ್ಡಿಗೆ ಜೋಡಿಸಿ, ಕಂಪ್ಯೂಟರನ್ನು ಪೆನ್‌ಡ್ರೈವಿನ ಲಿನಕ್ಸಿನಿಂದ ಆರಂಭಿಸಿದೆ. ಡಿಸ್ಕುಗಳು ತಾವಾಗಿ ತೆರೆದುಕೊಳ್ಳುವ ವ್ಯವಸ್ಥೆಯನ್ನು ಮೊದಲೇ ನಿಲ್ಲಿಸಿದ್ದೆ. ನಕಲಿಗೆ 1 ಟಿಬಿಯ ಹೊಸ ಡಿಸ್ಕನ್ನೂ, ನಕಲು ಮಾಡಲು ಗ್ನೂ ಡಿಡಿರೆಸ್ಕ್ಯೂ ತಂತ್ರಾಂಶವನ್ನೂ ಬಳಸಿದೆ. ಸಾಮಾನ್ಯ ಕಾಪಿ ಕೆಟ್ಟ ಸೆಕ್ಟರ್ ಸಿಕ್ಕಲ್ಲೇ ಸಿಕ್ಕಿಕೊಳ್ಳುತ್ತದೆ, ಡಿಸ್ಕು ಆ ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗಿ ಇನ್ನಷ್ಟು ಸವೆಯುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ, ಕೆಟ್ಟ ಜಾಗವನ್ನು ಹಾರಿ ಮುಂದೆ ಹೋಗಿ, ಸುಲಭವಾಗಿ ಓದಿಸಿಕೊಳ್ಳುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ತುಣುಕುಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಓದಿದೆನೆಂಬುದನ್ನು ಮ್ಯಾಪ್ ಕಡತದಲ್ಲಿ ದಾಖಲಿಸುತ್ತ ಹೋಗುವುದು ಅದರ ದೊಡ್ಡ ಗುಣ. ಎರಡನೆಯ ದಿನ ಮಧ್ಯಾಹ್ನ ಕರೆಂಟ್ ಹೋಗಿ ಯುಪಿಎಸ್ಸೂ ಖಾಲಿಯಾದಾಗ ಆ ಒಂದು ಕಡತದಿಂದಾಗಿ ಕೆಲಸ ನಿಂತಲ್ಲಿಂದಲೇ ಮುಂದುವರಿಯಿತು.

ಮೊದಲ ಸುತ್ತು ಒಂದು ರಾತ್ರಿ ಹಿಡಿಯಿತು. ಬಿಟ್ಟುಹೋದ ಜಾಗಗಳನ್ನು ಮೂರು ಮೂರು ಬಾರಿ ಓದಲು ಎರಡು ದಿನ ಬೇಕಾಯಿತು. ನಡುನಡುವೆ ಡಿಸ್ಕು ಬಿಸಿಯಾದಾಗ ನಿಲ್ಲಿಸಿ ಆರಲು ಬಿಡುತ್ತಿದ್ದೆ. ಕೊನೆಗೆ ಓದಲಾಗದೆ ಉಳಿದದ್ದು ಸುಮಾರು 900 ಕೆಬಿ ಮಾತ್ರ.

ನಕಲನ್ನು ಓದಲು ಮಾತ್ರ ಅವಕಾಶವಿರುವಂತೆ ತೆರೆದಾಗ ಹೆಚ್ಚಿನ ಫೋಲ್ಡರುಗಳು ಹೆಸರುಸಹಿತ ಸಿಕ್ಕವು, ಆದರೆ ಹಂತಿಪದಗಳ ಫೋಲ್ಡರೇ ಕಾಣೆಯಾಗಿತ್ತು. ಕಡತಗಳನ್ನು ಅವುಗಳ ಆರಂಭದ ಗುರುತಿನಿಂದ ಹುಡುಕುವ ಫೋಟೊರೆಕ್ ಅನ್ನು ನಕಲಿನ ಮೇಲೆ ಓಡಿಸಿದಾಗ ಸಾವಿರಾರು ವರ್ಡ್ ಕಡತಗಳು ಬಂದವು. ಫೋಟೊರೆಕ್ ಮೂಲ ಹೆಸರನ್ನು ಮರಳಿಸುವುದಿಲ್ಲ, ಹೆಚ್ಚಿನವಕ್ಕೆ ಅಂಕಿಗಳ ಹೆಸರು ಕೊಡುತ್ತದೆ. ಒಳಗಿನ ಪಠ್ಯದಲ್ಲಿ "ಹಂತಿ" ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಬಹಳ ಹೊತ್ತಿನ ಮೇಲೆ ಕಾರಣ ಹೊಳೆಯಿತು: ಮಾಸ್ತರರು ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಏಕರೂಪದ ಸಂಕೇತ) ಬಳಕೆಗೆ ಮುಂಚಿನ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದರು. ಅಂಥ ಕಡತಗಳಲ್ಲಿ ಕನ್ನಡ ಅಕ್ಷರಗಳು ರೋಮನ್ ಚಿಹ್ನೆಗಳ ಸಂಕೇತದಲ್ಲಿ ಅಡಗಿರುತ್ತವೆ. ಅದೇ ಪದವನ್ನು ನುಡಿಯಲ್ಲಿ ಹೊಡೆದು, ಬಂದ ಚಿಹ್ನೆಗಳನ್ನೇ ಕೊಟ್ಟು ಹುಡುಕಿದಾಗ 63 ಕಡತಗಳು ಒಮ್ಮೆಲೇ ಬಂದವು. ಆ ಸಂಜೆ ಫೋನ್ ಮಾಡಿದಾಗ ಮಾಸ್ತರರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಓದಲಾಗದ ಜಾಗಗಳು ಯಾವ ಕಡತದಲ್ಲಿವೆ ಎಂದು ತಿಳಿಯದೆ ಒಪ್ಪಿಸುವುದು ನನಗೆ ಸರಿಕಾಣಲಿಲ್ಲ. ಡಿಡಿರೆಸ್ಕ್ಯೂಗೆ ಆ ಜಾಗಗಳಲ್ಲಿ ನಾವು ಹೇಳಿದ ಗುರುತು ತುಂಬುವ ಅನುಕೂಲವಿದೆ. ನಕಲಿನಲ್ಲಿ ಹಾಗೆ ತುಂಬಿ, ಕಡತಗಳನ್ನು ಮತ್ತೆ ಹೊರತೆಗೆದು, ಆ ಗುರುತು ಯಾವುದರಲ್ಲಿದೆ ಎಂದು ಹುಡುಕಿದೆ. ಹಾಡಿನ ಕಡತಗಳ ಪೈಕಿ ಒಂದರಲ್ಲಿ ಮಾತ್ರ 4096 ಬೈಟಿನ ಒಂದು ತುಣುಕು, ಹೆಚ್ಚುಕಡಿಮೆ ಎರಡು ಪುಟ, ಹೋಗಿತ್ತು. ಮಾಸ್ತರರು ಅಂಗಡಿಗೆ ಬಂದು ಪಕ್ಕದಲ್ಲಿ ಕುಳಿತು ಆ ಹಂತಿಪದವನ್ನು ನೆನಪಿನಿಂದ ಹಾಡುತ್ತ ಹೋದರು, ನಾನು ಯೂನಿಕೋಡಿನಲ್ಲಿ ಬರೆದುಕೊಳ್ಳುತ್ತ ಹೋದೆ. ನಡುವಿನ ನಾಲ್ಕು ಸಾಲು ಅವರಿಗೂ ನೆನಪಾಗಲಿಲ್ಲ. ಅಲ್ಲಿ ಚುಕ್ಕಿಗಳನ್ನಿಟ್ಟು ಅಂಚಿನಲ್ಲಿ ಹಾಡಿದವರ ಊರಿನ ಹೆಸರು ಬರೆದಿದ್ದೇವೆ. ಸುಗ್ಗಿ ಮುಗಿದ ಮೇಲೆ ಅಲ್ಲಿಗೆ ಹೋಗಿ ಅವರ ಮಕ್ಕಳನ್ನು ಕೇಳಬೇಕೆಂದಿದ್ದೇವೆ.