ಬ್ರಿಟಾನಿಯಾ ಆಸ್ ಬದಲಾಯಿಸಿದ ಬಗೆ

ರೋಮನ್ ಚಕ್ರವರ್ತಿಗಳ ಕಂಚಿನ ನಾಣ್ಯ ಕೂಡಿಡುವವರಿಗೆಲ್ಲ ಅಪ್‌ಗ್ರೇಡ್ ಚಟ ಇದ್ದೇ ಇರುತ್ತದೆ. ಕೈಲಿರುವುದಕ್ಕಿಂತ ಚೆನ್ನಾಗಿರುವ ಅದೇ ಜಾತಿಯ ನಾಣ್ಯ ಕಂಡರೆ ಕೊಂಡು, ಹಳೆಯದನ್ನು ಮಾರಿಬಿಡುವುದು. ಇಂಗ್ಲೆಂಡಿನಲ್ಲಿ ನೆಲೆಸಿದ ಮೇಲೆ ನನಗೂ ಇದು ಅಂಟಿಕೊಂಡಿತು. ಆದರೆ ಯಾವುದನ್ನು ಚೆನ್ನಾಗಿದೆ ಅನ್ನಬೇಕು ಅನ್ನುವ ವಿಷಯದಲ್ಲಿ ಬಹಳ ಜನರ ಜೊತೆ ನನಗೆ ಹೊಂದುವುದಿಲ್ಲ.

ರೋಮನ್ ಚಕ್ರವರ್ತಿ ಆಂಟೋನಿನಸ್ ಪಯಸ್‌ನ ಬ್ರಿಟಾನಿಯಾ ಆಸ್ ತೆಗೆದುಕೊಳ್ಳಿ. ಆಸ್ ಅಂದರೆ ರೋಮನ್ನರ ಚಿಲ್ಲರೆ ನಾಣ್ಯ. ಕ್ರಿ.ಶ. 154-155ರ ನಾಣ್ಯ. ಕಂಚಿನ ಸಾಲಿಗೆ ಸೇರಿಸಿದರೂ ಆಸ್ ನಿಜಕ್ಕೆ ತಾಮ್ರ. ಅದರ ದೊಡ್ಡಣ್ಣನಾದ ಸೆಸ್ಟರ್ಷಿಯಸ್ ನಾಣ್ಯ ಹಿತ್ತಾಳೆಯದು. ಹಿಂಬದಿಯಲ್ಲಿ ಬ್ರಿಟನ್ ನಾಡಿನ ಹೆಣ್ಣುರೂಪವಾದ ಬ್ರಿಟಾನಿಯಾ ಬಂಡೆಯ ಮೇಲೆ ತಲೆ ತಗ್ಗಿಸಿ, ಕೈಗೆ ಕೆನ್ನೆ ಆನಿಸಿ ಕೂತಿದ್ದಾಳೆ, ಪಕ್ಕದಲ್ಲಿ ಗುರಾಣಿ. ಬ್ರಿಟನ್ನಿನ ನೆಲದಲ್ಲಿ ಇವು ಧಾರಾಳವಾಗಿ ಸಿಗುತ್ತವೆ. ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಬಳಿ ಕೊವೆಂಟಿನಾ ದೇವತೆಯ ಬಾವಿಯನ್ನು 1876ರಲ್ಲಿ ಅಗೆದಾಗ 13,000ಕ್ಕೂ ಹೆಚ್ಚು ನಾಣ್ಯ ಬಂದವು, ಅದರಲ್ಲಿ ಈ ಜಾತಿಯವೇ 300ಕ್ಕೂ ಮೇಲೆ. ನಮ್ಮವರು ಕಲ್ಯಾಣಿಗೆ ಕಾಸು ಹಾಕುವ ಹಾಗೆ ಆ ಕಾಲದವರೂ ಹಾಕಿದ್ದರು.

ತೊಡಕು ಏನೆಂದರೆ ಇವುಗಳ ಟಂಕಿಸುವಿಕೆಯೇ ಕಳಪೆ. ಚಿತ್ರ ಒಂದು ಪಕ್ಕಕ್ಕೆ ಸರಿದಿರುತ್ತದೆ, ಅರ್ಧ ಬರಹ ಅಂಚಿನಾಚೆ ಹೋಗಿರುತ್ತದೆ. ನನ್ನ ಮೊದಲನೆಯದರಲ್ಲಿ ಚಕ್ರವರ್ತಿಯ ಗಡ್ಡದ ಮುಖ ಇತ್ತು, ಬ್ರಿಟಾನಿಯಾ ಬರೀ ಒಂದು ಉಬ್ಬು. ಬದಲಿಗೆ ನಾನು ಹುಡುಕಿದ್ದು ಫಳಫಳ ಹೊಳೆಯುವುದನ್ನಲ್ಲ; ಅವಳ ಹೆಸರು ಓದಲು ಬರಬೇಕು, ತಗ್ಗಿದ ತಲೆ ಕಾಣಬೇಕು, ಮೈಯನ್ನು ಯಾರೂ ಕೆರೆದಿರಬಾರದು.

ಕೆರೆಯುವುದೇ ಈ ವ್ಯಾಪಾರದ ದೊಡ್ಡ ಪಿಡುಗು. ಸವೆದ ಕೂದಲಿಗೆ ಸೂಜಿಯಲ್ಲಿ ಹೊಸ ಗೆರೆ ಹಾಕುತ್ತಾರೆ, ಅಕ್ಷರದ ಸುತ್ತ ಲೋಹ ತೆಗೆದು ಅಕ್ಷರ ಎದ್ದು ನಿಲ್ಲುವ ಹಾಗೆ ಮಾಡುತ್ತಾರೆ. ಲೂಪ್ (ಭೂತಗನ್ನಡಿ) ಹಿಡಿದು, ದೀಪವನ್ನು ಓರೆಯಾಗಿ ಹತ್ತಿರ ತಂದು ನೋಡುತ್ತೇನೆ. ಅಕ್ಷರಗಳ ನಡುವಿನ ಜಾಗ ಚಿತ್ರವಿಲ್ಲದ ಉಳಿದ ಬಯಲಿಗಿಂತ ತಗ್ಗಿದ್ದರೆ, ಅಲ್ಲಿ ಪಟಿನಾದ, ಅಂದರೆ ಕಾಲ ಕಳೆದಂತೆ ಲೋಹದ ಮೇಲೆ ಕೂರುವ ಪದರದ ಬಣ್ಣ ಬೇರೆಯಾಗಿದ್ದರೆ ಅಷ್ಟಕ್ಕೇ ಬಿಟ್ಟುಬಿಡುತ್ತೇನೆ. ಹೀಗೆ ಬಿಟ್ಟವುಗಳಲ್ಲಿ ಒಂದರ ಮುಖ ಎಷ್ಟು ಸೊಗಸಾಗಿತ್ತೆಂದರೆ, ಎರಡನೇ ಶತಮಾನದವನಿಗೆ ಮೊನ್ನೆ ಕ್ಷೌರ ಮಾಡಿಸಿದಂತಿತ್ತು! ಎರಕದ ನಕಲಿಗಳನ್ನು ಹಿಡಿಯುವುದು ಇದಕ್ಕಿಂತ ಸುಲಭ: ಅಂಚಿನಲ್ಲಿ ಅಚ್ಚಿನ ಎರಡು ಭಾಗ ಸೇರಿದ ಗೆರೆ, ಮೈಮೇಲೆ ಗುಳ್ಳೆಯ ಕುಳಿ.

ಕೊನೆಗೆ ಕೊಂಡದ್ದು ಕಡು ಕಂದು ಬಣ್ಣದ್ದು. ಚಕ್ರವರ್ತಿಯ ಮೂಗು ಸವೆದಿದೆ, ಹಿಂಬದಿ ಮಾತ್ರ ಪೂರ್ತಿ ಇದೆ. ತೂಕ ಹತ್ತು ಗ್ರಾಂ ಆಸುಪಾಸು, ಆಸ್‌ಗೆ ಒಪ್ಪುವಂಥದ್ದು. ಮುಖಕ್ಕೆ ಬೆಲೆ ಕಟ್ಟುವವರು ಹೆಚ್ಚಾದ್ದರಿಂದ ದರವೂ ಇಳಿದಿತ್ತು.

ಗುರಾಣಿಯ ಅಂಚಿನಲ್ಲಿ ಒಂದು ಚುಕ್ಕೆ ತಿಳಿಹಸಿರು ಇತ್ತು. ಗಟ್ಟಿ ಕಿಲುಬಾದರೆ ಚಿಂತೆಯಿಲ್ಲ, ಅದು ಪಟಿನಾದ ಭಾಗ. ಮುಳ್ಳು ತಾಗಿಸಿದರೆ ಪುಡಿಯಾಗಿ ಉದುರುವುದು ಬೇರೆ: ಲೋಹದೊಳಗೆ ಕೂತ ಕ್ಲೋರೈಡ್ ತೇವ ಸಿಕ್ಕಾಗ ತಾಮ್ರವನ್ನು ತಿನ್ನುತ್ತಾ ಹೋಗುತ್ತದೆ. ಪುಡಿಯನ್ನು ಕೆದಕಿ ತೆಗೆದು, ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಹಾಕಿ ನೀರು ಬದಲಾಯಿಸುತ್ತಾ ವಾರಗಟ್ಟಲೆ ಇಟ್ಟೆ, ಚೆನ್ನಾಗಿ ಒಣಗಿಸಿ ಬೇರೆ ನಾಣ್ಯಗಳಿಂದ ದೂರ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಟ್ಟು ನೋಡುತ್ತಿದ್ದೇನೆ. ನಲ್ಲಿ ನೀರಿನಲ್ಲೇ ಕ್ಲೋರಿನ್ ಇರುವುದರಿಂದ ಅದು ಕೂಡದು. ನಿಂಬೆಹಣ್ಣು, ಹುಣಿಸೆಹಣ್ಣು ಹಾಕಿ ತಿಕ್ಕುವವರನ್ನು ನಾನು ನಾಣ್ಯದ ಹತ್ತಿರ ಬಿಡುವುದಿಲ್ಲ. ಪಿವಿಸಿ ಕವರೂ ಬೇಡ. ಕಾಲಕ್ರಮೇಣ ಅಂಟಂಟಾದ ಹಸಿರು ಬಿಡುತ್ತದೆ, ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯ ಕವರ್ ಆಗಬಹುದು.

ಹಳೆಯದನ್ನು ಮಾರುವಾಗ ಎರಡೂ ಬದಿಯ ಫೋಟೊ, ತೂಕ, ನಾನು ಎಲ್ಲಿ ಕೊಂಡೆ ಅನ್ನುವ ಚೀಟಿ ಜೊತೆಗೆ ಕೊಟ್ಟೆ. ಕೊಂಡವನಿಗೆ ಬೇಕಾಗಿದ್ದದ್ದು ಗಡ್ಡದ ಮುಖವೇ.