ಕಾನ್ಸಲ್‌ಗೆ ನಾನು ಬರೆದ ಡಿ.ಎ. ಹಾಳೆ: ನನ್ನ ಅನುಭವ

ಬೆಂಜಮಿನ್ ಜಾಯ್ ಕೊನೆಗೂ ನನಗೆ ಅರ್ಥವಾದರು. ಕಲ್ಕತ್ತಾಕ್ಕೆ ಬಂದ ಮೊದಲ ಅಮೆರಿಕನ್ ಕಾನ್ಸಲ್, ಅಂದರೆ ಪರದೇಶದ ಬಂದರಿನಲ್ಲಿ ತನ್ನ ದೇಶದ ವ್ಯಾಪಾರಿಗಳನ್ನೂ ನಾವಿಕರನ್ನೂ ನೋಡಿಕೊಳ್ಳುವ ಅಧಿಕಾರಿ. "ಪತ್ರ ಓದೋದು ಬಿಟ್ಟು ಲೆಕ್ಕ ಬರೀತಾ ಕೂತಿದ್ದೀರಲ್ಲ ಮಾರಾಯ್ರೆ, ಇದೆಂತ ಇತಿಹಾಸ?" ಅಂತ ಹಳೆ ಕಾಗದ ಓದುವ ನಮ್ಮ ಗುಂಪಿನಲ್ಲಿ ಕೇಳಿದವರೇ ಜಾಸ್ತಿ. ಈಗ ಅವರಲ್ಲಿ ಇಬ್ಬರು ನನ್ನ ಡಿ.ಎ. ಹಾಳೆಯ (ಡಿಸ್‌ಬರ್ಸ್‌ಮೆಂಟ್ ಅಕೌಂಟ್, ಹಡಗಿನ ಪರವಾಗಿ ಏಜೆಂಟ್ ಮಾಡಿದ ಖರ್ಚಿನ ಲೆಕ್ಕ) ನಕಲು ಕೇಳಿದ್ದಾರೆ. ಹಾಗಾಗಿ ಹೇಗೆ ಮಾಡಿದೆ ಅಂತ ಬರೆದುಬಿಡುತ್ತೇನೆ.

ಕಥೆ ನಮ್ಮ ಗುಂಪಿಗೆ ಗೊತ್ತಿದ್ದದ್ದೇ. 1792ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ವಾಷಿಂಗ್ಟನ್ ಜಾಯ್ ಅವರನ್ನು ನೇಮಿಸಿದರು. 1794ರ ಏಪ್ರಿಲ್‌ನಲ್ಲಿ ಜಾಯ್ ಕಲ್ಕತ್ತಾ ತಲುಪಿದರು. ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಅವರನ್ನು ಕಾನ್ಸಲ್ ಅಂತ ಒಪ್ಪಲಿಲ್ಲ. ವ್ಯಾಪಾರದ ಏಜೆಂಟ್ ಆಗಿ ಬೇಕಾದರೆ ಇರಬಹುದು, ಅದೂ ಇಲ್ಲಿನ ಸಿವಿಲ್, ಕ್ರಿಮಿನಲ್ ಕಾನೂನಿಗೆ ಒಳಪಟ್ಟು ಅಂದಿತು. ಬರೆಯುವವರೆಲ್ಲ ಇಲ್ಲಿಗೇ ನಿಲ್ಲಿಸುತ್ತಾರೆ. ಹುದ್ದೆಗೆ ಮಾನ್ಯತೆ ಸಿಗಲಿಲ್ಲ, ಅಷ್ಟೇ ಕಷ್ಟ ಅಂತ. ನಾನೂ ಎರಡು ವರ್ಷ ಹಾಗೇ ಅಂದುಕೊಂಡಿದ್ದೆ.

ಆ ಎರಡು ವರ್ಷದಲ್ಲಿ ಕಳೆದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆ ಕಾಲದ ಕಾಗದಗಳ ಮೈಕ್ರೋಫಿಲ್ಮ್ ಸ್ಕ್ಯಾನ್ ಮಾಡಿಸಿಕೊಡುತ್ತೇನೆ ಅಂದವರೊಬ್ಬರಿಗೆ ಸುಮಾರು ₹14,000 ಕೊಟ್ಟೆ. ಬಂದ ಪುಟಗಳಲ್ಲಿ ಅರ್ಧಕ್ಕರ್ಧ ಬಲಗಡೆಯ ಅಂಚೇ ಇಲ್ಲ. ಮೊತ್ತ ಬರೆಯುವುದು ಅಲ್ಲೇ ಅಲ್ವಾ! ಕೈಬರಹ ಓದುವ ಸಾಫ್ಟ್‌ವೇರ್‌ಗೆ ಇನ್ನೂ ₹3,000 ಹೋಯಿತು. ಆ ಕಾಲದ ಜೋಡಿ 'ಎಸ್' ಬಂದಲ್ಲೆಲ್ಲ ಅದು 'ಪಿ' ಅಂತ ಓದಿತು. ತಿದ್ದಿ ತಿದ್ದಿ ಕಣ್ಣು ಹೋಯಿತು. ಓದಿದ್ದೆಲ್ಲ ಓದಿದರೂ ಮನುಷ್ಯ ಮಾತ್ರ ಕೈಗೆ ಸಿಗಲಿಲ್ಲ.

ನಾನು 31 ವರ್ಷ ಮಂಗಳೂರಿನಲ್ಲಿ ಶಿಪ್ಪಿಂಗ್ ಏಜೆನ್ಸಿ ಕೆಲಸ ಮಾಡಿದವನು. ಒಮ್ಮೆ ಪಣಂಬೂರಿನಲ್ಲಿ ಒಂದು ಹಡಗು ಜ್ವರ ಬಂದ ಇಬ್ಬರನ್ನು ಇಳಿಸಿ ಹೊರಟುಹೋಯಿತು. ಓನರ್ ಫೋನ್ ಎತ್ತಲಿಲ್ಲ. ಆಸ್ಪತ್ರೆ, ಊಟ, ಟಿಕೆಟ್ಟು, ಎಲ್ಲ ನಾವೇ ಕೊಟ್ಟೆವು. ಡಿ.ಎ. ಕಳಿಸಿ ಏಳು ತಿಂಗಳಾದ ಮೇಲೆ ದುಡ್ಡು ಬಂತು, ಅದೂ ಪೂರ್ತಿ ಅಲ್ಲ. ಹಳೆ ಫೈಲು ವಿಲೇವಾರಿ ಮಾಡುವಾಗ ಆ ಡಿ.ಎ. ಹಾಳೆ ಕೈಗೆ ಬಂತು. ಮೇಲೆ ನನ್ನದೇ ಅಕ್ಷರದಲ್ಲಿ ಎರಡು ತಾರೀಕು. ಕೊಟ್ಟ ದಿನ, ವಾಪಸು ಬಂದ ದಿನ. ಜಾಯ್‌ಗೂ ಇಂಥದ್ದೇ ಒಂದು ಹಾಳೆ ಬರೆದರೆ ಹೇಗೆ ಅಂತ ಅವತ್ತೇ ಕೂತೆ.

ಎಡಗಡೆ ಬರುವ ದುಡ್ಡು, ಬಲಗಡೆ ಹೋಗುವ ದುಡ್ಡು, ತುದಿಯಲ್ಲಿ ಎರಡು ತಾರೀಕಿನ ಕಾಲಂ. ದರಕ್ಕೆ 1792ರ ಏಪ್ರಿಲ್‌ನ ಅಮೆರಿಕದ ಕಾನ್ಸಲ್ ಕಾಯಿದೆ ಸಾಕು. ಸಂಬಳದ ಜಾಗದಲ್ಲಿ ಸೊನ್ನೆ. ಉತ್ತರ ಆಫ್ರಿಕಾದ ಬಾರ್ಬರಿ ತೀರದ ಕಾನ್ಸಲ್‌ಗಳಿಗೆ ಮಾತ್ರ ಸಂಬಳ ಕೊಡುವ ಅವಕಾಶ ಇತ್ತು, ಉಳಿದವರು ಸ್ವಂತ ವ್ಯಾಪಾರ ಮಾಡಿ ಬದುಕಬೇಕು. ಒಂದು ಪ್ರೊಟೆಸ್ಟ್‌ಗೆ (ಹಡಗಿಗೋ ಸರಕಿಗೋ ಆದ ನಷ್ಟದ ಬಗ್ಗೆ ಕ್ಯಾಪ್ಟನ್ ಬರೆದುಕೊಡುವ ಹೇಳಿಕೆ) ಮುದ್ರೆ ಹಾಕಿದರೆ 2 ಡಾಲರ್. ಸತ್ತವರ ಆಸ್ತಿ ನೋಡಿಕೊಂಡರೆ ಶೇಕಡಾ 5. ದಿಕ್ಕಿಲ್ಲದೆ ಉಳಿದ ನಾವಿಕನಿಗೆ ದಿನಕ್ಕೆ 12 ಸೆಂಟ್‌ಗಿಂತ ಹೆಚ್ಚು ಖರ್ಚು ಮಾಡುವ ಹಾಗಿಲ್ಲ.

ಈಗ ಲೆಕ್ಕ ಹಾಕಿ. ಜ್ವರದ ಇಬ್ಬರು ನಾವಿಕರು, 30 ದಿನ. 7 ಡಾಲರ್ 20 ಸೆಂಟ್. ಅಷ್ಟು ದುಡ್ಡು ಕೈಯಲ್ಲಿ ಓಡಾಡಬೇಕಾದರೆ ನಾಲ್ಕು ಪ್ರೊಟೆಸ್ಟ್ ಬರಬೇಕು. ಅಂದರೆ ನಾಲ್ಕು ಕ್ಯಾಪ್ಟನ್‌ಗಳು ಇವರ ಮನೆ ಬಾಗಿಲಿಗೆ ಬರಬೇಕು. ಕಂಪನಿಯೇ ಒಪ್ಪದ ಕಾನ್ಸಲ್ ಹತ್ತಿರ ಕ್ಯಾಪ್ಟನ್ ಯಾಕೆ ಬರುತ್ತಾನೆ? ಅವನಿಗೆ ಬೇಕಾದ ಸರಕು, ಸಾಲ, ದುಭಾಷಿ ಎಲ್ಲ ಬನಿಯಾನ್, ಅಂದರೆ ವಿದೇಶಿ ವ್ಯಾಪಾರಿಗಳಿಗೆ ಕೆಲಸ ಮಾಡುವ ಸ್ಥಳೀಯ ದಲ್ಲಾಳಿ, ಅವನ ಹತ್ತಿರ ಸಿಗುತ್ತಿತ್ತು. ಕಲ್ಕತ್ತಾದ ಬನಿಯಾನ್ ರಾಮದುಲಾಲ್ ಡೇ ಅವರನ್ನೇ ನೋಡಿ. ಅಮೆರಿಕದ ವ್ಯಾಪಾರಿಗಳು 1801ರಲ್ಲಿ ಅವರಿಗೆ ವಾಷಿಂಗ್ಟನ್‌ರ ದೊಡ್ಡ ಚಿತ್ರ ಉಡುಗೊರೆ ಕಳಿಸಿದರು. ಒಂದು ಹಡಗಿಗೆ ಅವರ ಹೆಸರನ್ನೇ ಇಟ್ಟರು. ಮಾನ್ಯತೆ ಇಲ್ಲ ಅನ್ನುವುದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ, ಊಟದ ಪ್ರಶ್ನೆ. ಇದು ನನಗೆ ಹೊಳೆದದ್ದು ಹಾಳೆಯ ಎಡಗಡೆ ಖಾಲಿ ಬಿದ್ದಿದ್ದನ್ನು ನೋಡಿದಾಗ.

ತಾರೀಕಿನ ಕಾಲಂ ಇದಕ್ಕಿಂತ ಜಾಸ್ತಿ ಕೊಟ್ಟಿತು. ಪತ್ರ ಒಂದು ಕಡೆಗೆ ಹೋಗಲು ಐದಾರು ತಿಂಗಳು ಹಿಡಿಯುತ್ತಿತ್ತು. ಪ್ರಶ್ನೆ ಕೇಳಿ ಉತ್ತರ ಬರಲು ಒಂದು ವರ್ಷ. ನೇಮಕ ಆದಾಗ ವಿದೇಶ ವ್ಯವಹಾರ ನೋಡುತ್ತಿದ್ದವರು ಜೆಫರ್ಸನ್. ಕಲ್ಕತ್ತಾದಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್. ಅದೇ 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡರಲ್ಲ, ಅವರೇ. ಜಾಯ್ ಬಂದು ಇಳಿಯುವಷ್ಟರಲ್ಲಿ ಜೆಫರ್ಸನ್, ಕಾರ್ನ್‌ವಾಲಿಸ್ ಇಬ್ಬರೂ ಹುದ್ದೆಯಲ್ಲಿಲ್ಲ. ಕಾರ್ನ್‌ವಾಲಿಸ್ ಜಾಗಕ್ಕೆ ಜಾನ್ ಶೋರ್ ಬಂದಿದ್ದರು, ಜೆಫರ್ಸನ್ 1793ರ ಕೊನೆಗೆ ಕೆಲಸ ಬಿಟ್ಟಿದ್ದರು. ತನ್ನ ಪರವಾಗಿ ಒಂದು ಮಾತು ಹೇಳಿಸಬೇಕು ಅಂದರೆ ಹೊಸಬರಿಗೆ ಮೊದಲಿನಿಂದ ಹೇಳಬೇಕು.

ಆಮೇಲೆ ನವೆಂಬರ್ 1794. ಕಂಪನಿ ಹೀಗೆ ಅಂದಿತು ಅಂತ ಜಾಯ್ ಊರಿಗೆ ಬರೆದ ಪತ್ರದ ತಿಂಗಳು. ಪಕ್ಕದ ಕಾಲಂನಲ್ಲಿ ಅಮೆರಿಕ ಮತ್ತು ಬ್ರಿಟನ್ ನಡುವಿನ ಜೇ ಒಪ್ಪಂದ ಬರೆದುಕೊಂಡೆ. 1794ರ ನವೆಂಬರ್ 19, ಲಂಡನ್. ಪೆನ್ನು ಹಾಗೇ ನಿಂತಿತು. ಬ್ರಿಟಿಷ್ ಇಂಡಿಯಾದ ಬಂದರುಗಳಲ್ಲಿ ಅಮೆರಿಕನ್ ಹಡಗುಗಳ ವ್ಯಾಪಾರಕ್ಕೆ ಅಲ್ಲಿ ಸಹಿ ಬೀಳುತ್ತಿದೆ. ಇಲ್ಲಿ ಇವರು ಅದೇ ತಿಂಗಳು ಕೂತು ತಮ್ಮ ಕಷ್ಟ ಬರೆಯುತ್ತಿದ್ದಾರೆ. ಆ ಸುದ್ದಿ ಬರಲು ಇನ್ನೂ ಎಷ್ಟೋ ತಿಂಗಳು ಬೇಕು. ಎರಡು ವರ್ಷ ಪತ್ರ ಓದಿದವನಿಗೆ ಕಾಣದ್ದು ಮೂರು ವಾರದ ಹಾಳೆಯಲ್ಲಿ ಕಂಡಿತು. ಇದು ನನ್ನ ಹೆಮ್ಮೆ, ಮುಚ್ಚಿಡುವುದಿಲ್ಲ.

ಹಡಗು ಹೊರಟ ತಾರೀಕು ಎಲ್ಲಿಂದ ತೆಗೆಯುತ್ತೇನೆ ಅನ್ನುವುದನ್ನು ಮಾತ್ರ ಈಗ ಹೇಳಲ್ಲ. ಅದು ಇನ್ನೊಂದು ಕೆಲಸಕ್ಕೆ ಬೇಕು.

ಮಧ್ಯೆ ಒಂದು ಬೇರೆ ಪ್ರಯೋಗ. ಆಗ ಅಮೆರಿಕನ್ ಹಡಗುಗಳು ಇಲ್ಲಿಂದ ಸರಕು ತುಂಬಿಕೊಂಡು ಹೋಗುತ್ತಿದ್ದವು, ಬರುವಾಗ ತರುತ್ತಿದ್ದದ್ದು ಮುಖ್ಯವಾಗಿ ಬೆಳ್ಳಿ ನಾಣ್ಯ. ಮುಂದೆ 1833ರಲ್ಲಿ ಬಾಸ್ಟನ್‌ನಿಂದ ಕಲ್ಕತ್ತಾಕ್ಕೆ ಐಸ್ ಬಂತು. 180 ಟನ್ ತುಂಬಿಸಿದ್ದರು, ಸುಮಾರು 100 ಟನ್ ಉಳಿದಿತ್ತು. ನನಗೆ ನಂಬಿಕೆ ಬರಲಿಲ್ಲ. ಬಂದರು ಧಕ್ಕೆಯಿಂದ ಎರಡು ಐಸ್ ಗಟ್ಟಿ ತಂದೆ. ಒಂದನ್ನು ಹಾಗೇ ಇಟ್ಟೆ, ಇನ್ನೊಂದನ್ನು ನಾಲ್ಕು ಗೋಣಿ ಮರದ ಹುಡಿಯಲ್ಲಿ ಹೂತೆ. ಮೊದಲನೆಯದು ಮರುದಿನಕ್ಕೇ ನೀರು. ಎರಡನೆಯದರಲ್ಲಿ ಐದನೇ ದಿನ ಒಂದು ತೆಂಗಿನಕಾಯಿಯಷ್ಟು ಉಳಿದಿತ್ತು. ಎಲ್ಲ ಸೇರಿ ₹700 ಇರಬೇಕು. ಈಗ ನಂಬುತ್ತೇನೆ.

ಹಾಳೆ ಜಾಯ್‌ಗೆ ಮಾತ್ರ ಹೊಂದಿತೋ ಅಂತ ನೋಡಲು ಚೀನಾದ ಕ್ಯಾಂಟನ್‌ನಲ್ಲಿ ಅಮೆರಿಕನ್ ಕಾನ್ಸಲ್ ಆಗಿದ್ದ ಸ್ಯಾಮ್ಯುಯೆಲ್ ಶಾ ಅವರಿಗೂ ಒಂದು ಹಾಳೆ ಬರೆದೆ. 1786ರಲ್ಲಿ ಅಮೆರಿಕದ ಕಾಂಗ್ರೆಸ್ ಅವರನ್ನು ನೇಮಿಸಿತು, ಸಂಬಳವೂ ಇಲ್ಲ, ಫೀಸೂ ಇಲ್ಲ. ವ್ಯಾಪಾರದ ಸೀಸನ್ ಮುಗಿದರೆ ವಿದೇಶಿಯರೆಲ್ಲ ಮಕಾವ್‌ಗೆ ಹೋಗಬೇಕು. ಸ್ವಂತ ವ್ಯಾಪಾರಕ್ಕೆ ಕಟ್ಟಿಸಿದ 'ಮ್ಯಾಸಚೂಸೆಟ್ಸ್' ಹಡಗಿಗೆ ಒಣಗದ ಮರ ಬಳಸಿದ್ದರು. ಬಟಾವಿಯಾದಲ್ಲಿ (ಈಗಿನ ಜಕಾರ್ತಾ) ಡಚ್ಚರು ವ್ಯಾಪಾರಕ್ಕೆ ಬಿಡಲಿಲ್ಲ. ಕ್ಯಾಂಟನ್‌ನಲ್ಲಿ ಹಡಗನ್ನೇ 65,000 ಡಾಲರ್‌ಗೆ ಮಾರಿದರು. ಅವರ ಹಾಳೆಯಲ್ಲೂ ಎಡಗಡೆ ಖಾಲಿ. 1794ರ ಮೇ ತಿಂಗಳಲ್ಲಿ ಊರಿಗೆ ಹೋಗುವ ದಾರಿಯಲ್ಲಿ ಹಡಗಿನಲ್ಲೇ ತೀರಿಕೊಂಡರು. ಜಾಯ್ ಕಲ್ಕತ್ತಾಕ್ಕೆ ಬಂದು ಆಗ ಒಂದು ತಿಂಗಳಾಗಿತ್ತು.

ಈಗ ಮೂರನೇ ಹಾಳೆ ಶುರು ಮಾಡಿದ್ದೇನೆ. ಜಾಯ್ ನಂತರ 1796ರಲ್ಲಿ ನೇಮಕವಾದ ವಿಲಿಯಂ ಮಿಲ್ಲರ್ ಅವರದು. ಸಂಬಳದ ಸೊನ್ನೆ ಬರೆದಾಗಿದೆ. ತಾರೀಕಿನ ಕಾಲಂನಲ್ಲಿ ಒಂದೇ ಒಂದು ಸಾಲು ತುಂಬಿದೆ.